ಉಳಿದ ಒಂದು ಸೂಜಿ

ಕಮಲಾಪುರದ ಹೆರಿಗೆ ಆಸ್ಪತ್ರೆಯ ನರ್ಸ್ ಯಮನಮ್ಮ ಹದಿನೆಂಟು ವರ್ಷಗಳಲ್ಲಿ ಅರ್ಧ ತಾಲೂಕಿಗೆ ಸೂಜಿ ಚುಚ್ಚಿದ್ದಳು. "ಇರಿವಿ ಕಚ್ಚಿದಂಗ ಆಗ್ತದ, ಅಷ್ಟ" ಎಂದು ಎಲ್ಲರಿಗೂ ಧೈರ್ಯ ಹೇಳುತ್ತಿದ್ದಳು. ಆ ಇರುವೆಯಿಂದ ತಾನು ಕಚ್ಚಿಸಿಕೊಳ್ಳುವ ಧೈರ್ಯ ಮಾತ್ರ ಅವಳಿಗಿರಲಿಲ್ಲ.

ಅದು 2008ನೇ ಇಸವಿ. ಡಾಕ್ಟರ್ ಸಕೀನಾ ತಿಂಗಳ ಹಿಂದೆಯೇ ಹೇಳಿದ್ದರು: "ಹೋದ ವರ್ಷ ಇಪ್ಪತ್ತು ದಿನದ ಕೂಸು ನಾಯಿಕೆಮ್ಮಿಗೆ ಹೋಯ್ತು. ರೋಗ ಹಚ್ಚಿದವರು ನಾವ. ಕೂಸು ಮುಟ್ಟೋರೆಲ್ಲಾ ಸೂಜಿ ತಗೋರಿ." ಹನ್ನೆರಡು ಮಂದಿಗೆ ಹೈದರಾಬಾದಿನಿಂದ ಹನ್ನೆರಡು ಸೂಜಿ ತರಿಸಿದರು. ಆಯಾ ತುಳಜಾಬಾಯಿ ಮೊದಲ ದಿನವೇ ತೋಳು ಚಾಚಿದಳು. "ಕಸ ಹೊಡಿಯೋಕಿಗಿ ಯಾತರ ಸೂಜಿ?" ಎಂದು ಯಮನಮ್ಮ ನಕ್ಕಳು. ತಾನು ಒಂದು ವಾರ ಜ್ವರ, ಇನ್ನೊಂದು ವಾರ ಉಪವಾಸ, ಮತ್ತೊಂದು ವಾರ ಅಮಾವಾಸ್ಯೆ ಎಂದು ದಿನ ತಳ್ಳಿದಳು.

ಇವತ್ತು ತಳ್ಳುವಂತಿರಲಿಲ್ಲ. ಒಂಬತ್ತು ವರ್ಷದ ಮೇಲೆ ತಮ್ಮನಿಗೆ ಹೆಣ್ಣುಕೂಸು ಹುಟ್ಟಿತ್ತು. ಸಂಜೆ ಕೋಟನೂರಿನಲ್ಲಿ ತೊಟ್ಟಿಲು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಈ ದಿನಕ್ಕಾಗಿ ಯಮನಮ್ಮ ಹೊರದ ಹರಕೆಯಿಲ್ಲ. ಬೆಳಿಗ್ಗೆ ಬಾಣಂತಿಯ ತಾಯಿ ದುಂಡಮ್ಮನ ಫೋನು ಬಂತು.

"ಯಮನವ್ವ, ಸೂಜಿ ಆಗ್ಯಾದಿಲ್ಲೋ? ಕೂಸು ಮುಟ್ಟೋರಿಗೆಲ್ಲಾ ಬೇಕಂತ ಡಾಕ್ಟರ್ ಅಂದಾರ. ಆಗಿಲ್ಲಂದ್ರ ತೊಟ್ಟಿಲ ಹತ್ರ ಬರಬ್ಯಾಡ ನೋಡು."

"ಈಗ ಆಯ್ತು ಅಕ್ಕಾ" ಎಂದ ಯಮನಮ್ಮ ರಿಜಿಸ್ಟರಿನಲ್ಲಿ ಸಹಿ ಹಾಕಿ, ಎಡತೋಳಿಗೆ ಹತ್ತಿಯಿಟ್ಟು ಪಟ್ಟಿ ಅಂಟಿಸಿಕೊಂಡಳು.

ಊಟದ ಕರೆ ತುಳಜಾಬಾಯಿಗೂ ಇತ್ತು. ಆಸ್ಪತ್ರೆಯಲ್ಲಿ ಆ ಕೂಸಿಗೆ ನೀರೆರೆದವಳು ಅವಳೇ. ಪಾಪದ ಹೆಂಗಸು, ಬಸ್ಸಿನ ತುಂಬ ಸಾರಿದಳು: "ಅಕ್ಕಾರ ಸೂಜಿ ತಗೊಂಡಾರ, ತೋಳು ತಾಗಸಬ್ಯಾಡ್ರಿ." ಯಾರೋ ಎದ್ದು ಸೀಟು ಕೊಟ್ಟರು. ಸೀಟು ಸಿಕ್ಕಮೇಲೆ ನರಳಲೇಬೇಕಲ್ಲ, ಯಮನಮ್ಮ ಕೋಟನೂರಿನವರೆಗೂ ನರಳಿದಳು, ನಡುನಡುವೆ ಕೆಮ್ಮಿದಳು. ಅಲ್ಲಿಯೂ ಅದೇ ಉಪಚಾರ. ದುಂಡಮ್ಮ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿ, "ಕೂಸಿನ ಸಲುವಾಗಿ ಎಷ್ಟು ತ್ರಾಸು ತಗೊಂಡ್ಯವ್ವ" ಎಂದಳು. ತುಪ್ಪ ಗಂಟಲಲ್ಲಿ ಸರಾಗವಾಗಿಯೇ ಇಳಿಯಿತು.

ಸಂಜೆ ಯಮನಮ್ಮ ತೊಟ್ಟಿಲಿಗೆ ಬಾಗಿದಳು. ಹೆಸರು ಹೇಳುವ ಮೊದಲು 'ಕುರ್ರ್' ಎನ್ನಬೇಕು. ಅಂದ ಕೂಡಲೇ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. "ಎಡತೋಳ ಬಿಟ್ಟು ಗುದ್ರಿ" ಎಂದು ದುಂಡಮ್ಮ ಎಚ್ಚರಿಸಿದಳು. ಆದರೂ ನೆರೆಮನೆಯ ಕಸ್ತೂರಿಬಾಯಿಯ ಮುಷ್ಟಿ ತಪ್ಪಿ, ಒನಕೆಯಂತೆ, ಪಟ್ಟಿಯ ಮೇಲೆಯೇ ಬಿತ್ತು. ಈಗ ಚೀರಿದಳು ಎಂದು ಎಲ್ಲರೂ ಕಾದರು.

ಯಮನಮ್ಮ ಸಂಭ್ರಮದಲ್ಲಿ ಮೈಮರೆತಿದ್ದಳು. "ಇನ್ನಾ ಜೋರ ಗುದ್ರಿ, ನಮ್ಮ ಸೊಸಿ ಹೆಸರದು" ಎಂದಳು.

ದುಂಡಮ್ಮ ಬಂದು ಪಟ್ಟಿ ಕಿತ್ತಳು. ಕೆಳಗಿನ ಹತ್ತಿಗೆ ರಕ್ತದ ಚುಕ್ಕೆಯೂ ಇರಲಿಲ್ಲ. ಆಗಷ್ಟೇ ಒಳಗೆ ಕಾಲಿಟ್ಟಿದ್ದ ಡಾಕ್ಟರ್ ಸಕೀನಾ ಚೀಲದಿಂದ ಐಸು ತುಂಬಿದ ಥರ್ಮಾಸು ತೆಗೆದರು.

"ಹನ್ನೆರಡು ಸಹಿ ಆಗ್ಯಾವ, ಒಂದು ಸೂಜಿ ಉಳದದ. ಯಾರದಂತ ಹುಡುಕ್ಕೋತ ಬಂದೆ. ತೋಳು ತೋರಸು."

ಎಡತೋಳಿನ ಹೆಸರೆತ್ತಲೂ ನಾಚಿಕೆಯಾಗಿ ಯಮನಮ್ಮ ಬಲತೋಳು ಕೊಟ್ಟಳು. ಅವಳು ಕೂಗಿದ ಕೂಗಿಗೆ ತೊಟ್ಟಿಲಲ್ಲಿದ್ದ ಕೂಸು ತನ್ನ ಅಳು ನಿಲ್ಲಿಸಿತು.

"ಈಗಾರ ಹೆಸರು ಹೇಳ್ಲೇನ್ರಿ?" ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಸೂಜಿ ಮೈಗಿ ಹತ್ತಾಕ ಎರಡು ವಾರ ಬೇಕು. ಮ್ಯಾಲ ನಿನಗ ಕೆಮ್ಮು ಬ್ಯಾರೆ. ಹೊರಗ ಕೂಡು."

ಮುಹೂರ್ತ ಮೀರುತ್ತಿತ್ತು. "ಸೂಜಿ ಆಗಿ ಎರಡು ವಾರ ತುಂಬಿದ ಹೆಣ್ಮಗಳು ಯಾರದೀರಿ?" ಎಂದು ದುಂಡಮ್ಮ ಕೂಗಿದಳು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ತುಳಜಾಬಾಯಿ ಒಬ್ಬಳೇ ಒದ್ದೆ ಕೈ ಎತ್ತಿದಳು. ಸೋದರತ್ತೆಗೆಂದು ತಂದ ಇಳಕಲ್ ಸೀರೆ ಅವಳ ಮಡಿಲಿಗೆ ಬಿತ್ತು.

ತುಳಜಾಬಾಯಿ ಬಾಗಿ 'ಕುರ್ರ್' ಅಂದಳು. ಹೆಸರಂತೂ ಹೋಯಿತು, ಗುದ್ದಾದರೂ ನನ್ನದಿರಲಿ ಎಂದು ಯಮನಮ್ಮ ಬಾಗಿಲಾಚೆಯಿಂದಲೇ ನುಗ್ಗಿ ಬಂದು ಮುಷ್ಟಿ ಎತ್ತಿದಳು. ಬಲಗೈ ಭುಜದ ಮಟ್ಟಕ್ಕೂ ಏಳಲಿಲ್ಲ.

ತುಳಜಾಬಾಯಿ ತೊಟ್ಟಿಲಿನಿಂದ ತಲೆಯೆತ್ತಿ, ನಿಜವಾದ ಕನಿಕರದಿಂದಲೇ ಕೇಳಿದಳು: "ಇರಿವಿ ಕಚ್ಚಿದಂಗ ಆಗ್ಯಾದೇನ್ರಿ, ಅಕ್ಕಾರ?"