ಸ್ಕ್ರೂ ತಿನ್ನುವ ಗೆಳತಿ

ಮುದುಕಿಯ ಕೈಯಲ್ಲಿ ಪುಸ್ತಕ ಕಂಡರೆ ಸಾಕು, ಅದು ಸ್ತೋತ್ರವೇ ಇರಬೇಕೆಂದು ಜನ ದನಿ ತಗ್ಗಿಸುತ್ತಾರೆ. ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಇತ್ತೀಚೆಗೆ ನನಗೆ ಸಿಕ್ಕ ಮರ್ಯಾದೆಯೆಲ್ಲ ಇಂಥದ್ದೇ. ನಾನು ಓದುತ್ತಿದ್ದದ್ದು ಮಾತ್ರ ಒಂದು ಇಂಗ್ಲಿಷ್ ಗ್ರಾಫಿಕ್ ನಾವೆಲ್, ಚಿತ್ರಗಳಲ್ಲೇ ಹೇಳಿದ ಕಥೆ. ಕುರುಗೋಡಿನಿಂದ ಬಂದಿದ್ದ ತಂಗಿಯ ಮೊಮ್ಮಗಳು ಬಿಟ್ಟುಹೋದದ್ದು. ಗಗನನೌಕೆಯಲ್ಲಿ ಅಡುಗೆ ಮಾಡುವ ಒಂದು ಹಳೇ ರೋಬೋ, ಅಲ್ಲಿಗೆ ಕದ್ದು ಹತ್ತಿದ ಒಂದು ನೀಲಿ ಪ್ರಾಣಿ, ಇಬ್ಬರಿಗೂ ಸ್ನೇಹ. ಪ್ರಾಬ್ಲಮ್ ಏನೆಂದರೆ ಆ ನೀಲಿ ಗೆಳತಿಯ ಆಹಾರ ಸ್ಕ್ರೂ, ಗೆಳೆಯನ ಮೈತುಂಬ ಸ್ಕ್ರೂ! ಕಾನ್ವೆಂಟಿನಲ್ಲಿ ಸಿಸ್ಟರ್ ಚಿತ್ರದ ಪುಸ್ತಕ ಕಂಡರೆ ಕಿತ್ತುಕೊಳ್ಳುತ್ತಿದ್ದರು, ಅದು ಲಿಟರೇಚರ್ ಅಲ್ಲವೆಂದು. ನಾನೂ ನಂಬಿದ್ದೆ. ಎಷ್ಟು ವರ್ಷದ ನಗು ವೇಸ್ಟ್ ಆಯಿತೋ!

ಒಂದು ಮಧ್ಯಾಹ್ನ ನಾನೊಬ್ಬಳೇ ನಗುತ್ತಿರುವುದನ್ನು ಕೇಳಿ ಕೆಳಮನೆಯ ಈರಮ್ಮ ಹತ್ತಿ ಬಂದಳು. ಅಲ್ಲಿಯವರೆಗೆ ನಮ್ಮಿಬ್ಬರ ಮಾತೆಂದರೆ ನೀರಿನ ಟ್ಯಾಂಕಿನ ಜಗಳ ಅಷ್ಟೆ. ಕಥೆ ಹೇಳಿದೆ. "ಅಯ್ಯ ಶಿವನ! ಸ್ನೇಹ ಮಾಡಿ ಮೈಯಾಗಿಂದ ಬಿಚ್ಚಿ ತಿನ್ನಾದಂದ್ರ ನಮ್ಮ ಬೀಗರಂಗ ಆತಲ್ರಿ ಅಕ್ಕಾ!" ಎಂದು ಪಕ್ಕದಲ್ಲೇ ಕುಳಿತುಬಿಟ್ಟಳು. ಮರುದಿನವೂ ಬಂದಳು, ಒಗ್ಗರಣೆ ಮಂಡಕ್ಕಿ ಹಿಡಿದು.

ಆಕೆಗೆ ಇಂಗ್ಲಿಷ್ ಬಾರದು. ಚಿತ್ರ ನೋಡಿ, ನಾಲ್ಕು ಮಾತು ಕೇಳಿ ನಗುವುದಷ್ಟೇ ಬೇಕಾಗಿತ್ತು. ನನ್ನೊಳಗಿನ ಕಾನ್ವೆಂಟ್ ಬಿಡಬೇಕಲ್ಲ! ಒಂದೊಂದು ಸೆಂಟೆನ್ಸಿಗೂ ಅರ್ಥ, ಗ್ರಾಮರ್, ಪ್ರೊನನ್ಸಿಯೇಶನ್. ಗುರುತ್ವಾಕರ್ಷಣೆ ತಿಳಿಸಲು ಮಂಡಕ್ಕಿ ಮೇಲೆಸೆದು ತೋರಿಸಿದೆ. "ಮುಂದಿಂದು ತಿರುವ್ರಿ ಅಕ್ಕಾ, ಪಾಪ, ಆ ರೋಬೋದ ಕೈ ಕಳಚೇತಿ," ಎಂದು ಈರಮ್ಮ ಗೋಗರೆದರೆ, "ತಡಿ, ಮೊದಲು ಈ ವರ್ಬ್ ತಿಳ್ಕೋ," ಎನ್ನುತ್ತಿದ್ದೆ. ಕೊನೆಯ ಪುಟ ಇಣುಕಿ ನೋಡುವುದಂತೂ ಇಬ್ಬರಿಗೂ ನಿಷೇಧ. ಡಿಸಿಪ್ಲಿನ್!

ಹೀಗಾಗಿ ಪುಸ್ತಕ ಅರ್ಧಕ್ಕೆ ಬರುವಷ್ಟರಲ್ಲಿ ಈರಮ್ಮ ಮನೆ ಖಾಲಿ ಮಾಡುವ ದಿನ ಬಂತು. ಆಕೆಯ ಮಗ ಸಿರುಗುಪ್ಪದಲ್ಲಿ ಕಿರಾಣಿ ಅಂಗಡಿ ಇಟ್ಟು, ಮನೆಯನ್ನೂ ಅಲ್ಲೇ ಮಾಡಿದ್ದ. ಸಾಮಾನಿನ ಗಾಡಿ ಹೊರಡುವಾಗ ನನಗೆ ಬೇರೇನೂ ತೋಚದೆ ಪುಸ್ತಕವನ್ನೇ ಆಕೆಯ ಕೈಗಿಟ್ಟೆ. "ಚಿತ್ರನಾದ್ರೂ ನೋಡು," ಎಂದೆ. ಎಲ್ಲ ಮಧ್ಯಾಹ್ನಗಳಲ್ಲೂ ಹೇಳಬೇಕಾಗಿದ್ದ ಮಾತು ಅದು. ಹೇಳಿದ್ದು ಗಾಡಿ ಹತ್ತುವ ಹೊತ್ತಿಗೆ.

ವಾರದ ಮೇಲೆ ಫೋನ್ ಮಾಡಿ ಕೇಳಿದೆ, "ರೋಬೋ ಉಳೀತೇನ ಈರಮ್ಮ?"

"ಯಾರಿಗ್ಗೊತ್ರಿ? ನಾ ಮುಂದ ತಿರುವೇ ಇಲ್ಲ. ಒಬ್ಬಾಕೆ ಕುಂತು ನಕ್ಕರ ಹುಚ್ಚಿ ಅಂತಾರ. ನೀವ ಬರ್ರಿ, ಬಸ್ ಬೇಕಾದಷ್ಟು ಅದಾವು."

ಮಂಡಿ ನೋವೆಂದೆ. "ನೋವು ಇಲ್ಲಿಗೂ ಬರ್ಲಿ ಬಿಡ್ರಿ, ಅದಕ್ಕೇನು ಬೇರೆ ಟಿಕೀಟು ತಗಸಬೇಕಾ?" ಎಂದಳು.

ಮಂಡಿ ನೋಯುವುದು ಸುಳ್ಳಲ್ಲ. ಆದರೆ ಹೋಗಿ ಪಾಠ ಬಿಟ್ಟು ಓದಿದರೆ ಎರಡು ಮಧ್ಯಾಹ್ನದಲ್ಲಿ ಪುಸ್ತಕ ಮುಗಿಯುತ್ತದೆ. ಮುಗಿದ ಮೇಲೆ ಯಾವ ನೆಪ ಹೇಳಿ ಮತ್ತೆ ಹೋಗಲಿ? ಆದರೂ ಬರುವ ಸೋಮವಾರ ಹೊರಟಿದ್ದೇನೆ. ಬ್ಯಾಗಿನಲ್ಲಿ ಒಂದು ಸೀರೆ, ಮಂಡಿಗೆ ಮುಲಾಮು, ಮತ್ತೆ ನನ್ನಲ್ಲಿರುವ ಎಲ್ಲಕ್ಕಿಂತ ದಪ್ಪನೆಯ ಡಿಕ್ಷನರಿ. ಅದೊಂದಿದ್ದರೆ ದಿನಕ್ಕೆ ಅರ್ಧ ಪುಟ ದಾಟದಂತೆ ನೋಡಿಕೊಳ್ಳಬಲ್ಲೆ.