ಬಾಗಿಲಿಲ್ಲದ ಜೀಪು, ಮಾವನ ಹೊಸ ಕಾರು

ನಮ್ಮನೇಲಿ ಕಾರಿನ ಜಗಳ ಶುರುವಾಗೋಕೆ ಕಾರಣ ಬೇಕಿಲ್ಲ, ಕಾಫಿ ಲೋಟ ಕೈಗೆ ಬಂದ್ರೆ ಸಾಕು. ಅಪ್ಪ ಹಳೇ ಜೀಪಿನ ಕಡೆ. ಪಕ್ಕದ ತೋಟದ ಮಾವ, ಅಂದ್ರೆ ಅಮ್ಮನ ತಮ್ಮ, ಹೊಸ ಕಾರಿನ ಕಡೆ. ಇಬ್ರೂ ಇಂಜಿನಿಯರಿಂಗ್ ಓದಿಲ್ಲ. ಅದಕ್ಕೇ ಇಬ್ರಿಗೂ ಅನುಮಾನ ಅನ್ನೋದೇ ಇಲ್ಲ. ನಾನು ಪುಸ್ತಕ ಹಿಡ್ಕೊಂಡು ಕೂತಿರ್ತೀನಿ, ಪುಟ ತಿರುಗ್ಸೋದು ಕಮ್ಮಿ.

ಬಾಗಿಲು

ಅಪ್ಪನ ಜೀಪಿಗೆ ಮೇಲೊಂದು ಟಾರ್ಪಾಲು ಬಿಟ್ರೆ ಏನಿಲ್ಲ. ಮಳೇಲಿ ಸಕಲೇಶಪುರಕ್ಕೆ ಮದ್ವೇಗೆ ಹೊರಟ್ರೆ ಅಮ್ಮ ಜೀಪೊಳಗೇ ಕೊಡೆ ಬಿಚ್ಕೊಂಡು ಕೂರ್ತಾರೆ. ರೇಷ್ಮೆ ಸೀರೆ ಬ್ಯಾಗಲ್ಲಿರ್ತದೆ, ಛತ್ರಕ್ಕೆ ಹೋಗಿ ಉಟ್ಕೋಬೇಕು.

“ರೀ, ಬಾಗ್ಲಿರೋ ಕಾರು ತರೋತಂಕ ನಾನು ಯಾವ ಮದ್ವೇಗೂ ಬರಲ್ಲ” ಅಂದ್ಬುಟ್ರು ಒಂದಿನ.

“ಬಾಗ್ಲು ಅನ್ನೋದೇ ಡಿಸೈನ್ ಮಿಸ್ಟೇಕು ಕಣೇ. ಆನೆ ಎದ್ರಿಗೆ ಬಂದ್ರೆ ಬಾಗ್ಲು ತೆಗ್ದು ಇಳ್ಯೋಕೆ ಟೈಮೆಲ್ಲೈತೆ?”

“ಆನೆ ಬಂದ್ರೆ ಹೋಗ್ತದೆ ಕಣ್ರೀ. ಮಳೆ ಹೋಗಲ್ಲ.”

ಮುಂದಿನ ಸೀಟು

ಮಾವ ಒಂದಿನ ಹೊಸ ಕಾರಲ್ಲಿ ಬಂದ್ರು. ಮುಂದಿನ ಸೀಟಲ್ಲಿ ಕಾಳುಮೆಣಸಿನ ಮೂಟೆ. ಮೂಟೆಗೆ ಸೀಟ್ ಬೆಲ್ಟು.

“ಯಾರೋ ಇವ್ರು?” ಅಂದ್ರು ಅಪ್ಪ.

“ನಗಬೇಡಿ ಭಾವ. ಸೀಟಲ್ಲಿ ಸೆನ್ಸರ್ ಐತೆ. ತೂಕ ಬಿದ್ರೆ ಮನುಷ್ಯ ಅನ್ಕಂಡು ಬೆಲ್ಟ್ ಹಾಕೋತಂಕ ಕೂಗ್ತದೆ.”

“ಮೆಣ್ಸಿಗೂ ಮನುಷ್ಯಂಗೂ ವ್ಯತ್ಯಾಸ ಗೊತ್ತಿಲ್ದಿರೋದಕ್ಕೆ ಬುದ್ಧಿವಂತ ಕಾರು ಅಂತೀಯಾ?”

ಅಮ್ಮ ಮೂಟೆ ಮುಟ್ಟಿ ನೋಡಿದ್ರು. “ಮೆಣ್ಸಿಗಾದ್ರೂ ಬಾಗ್ಲಿರೋ ಗಾಡಿ ಸಿಕ್ತಲ್ಲ.”

ಹಲಸಿನ ಹಣ್ಣು

ಅಮ್ಮನ ಕಾಟಕ್ಕೆ ಅಪ್ಪ ಹಾಸನದ ಷೋರೂಮಿಗೆ ಬಂದ್ರು. ಬಂದೋರು ಹಲಸಿನ ಹಣ್ಣು ತಟ್ದಂಗೆ ಬಾನೆಟ್ ತಟ್ಟಿದ್ರು. “ಏನಿದು, ತೆಳ್ಳಗೆ?”

ಅಲ್ಲಿದ್ದ ಹುಡುಗಿ ವಿವರಿಸಿದ್ಲು: “ಸರ್, ಗುದ್ದಿದ್ರೆ ಮುಂಭಾಗ ನಜ್ಜಾಗಿ ಏಟೆಲ್ಲ ತಾನೇ ತಗೊಳ್ಳುತ್ತೆ. ಹಾಗೇ ಡಿಸೈನ್ ಮಾಡಿರೋದು.”

“ನಜ್ಜಾಗೋಕೇ ಮಾಡಿರೋದಾ? ನಮ್ ಜೀಪು ಗುದ್ದಿದ್ರೆ ಮರ ನಜ್ಜಾಗ್ತದಮ್ಮ!”

“ಒಳಗಿರೋರು?” ಅಂದ್ರು ಅಮ್ಮ.

ಅಪ್ಪ ಪಕ್ಕದ ಕಾರು ತಟ್ಟೋಕೆ ಹೋದ್ರು.

ಸ್ಟೋರ್ ಹಿಂದಿನ ದಿಬ್ಬ

ಕೊನೆಗೆ ಪಂದ್ಯ ಆಯ್ತು. ಕಾಫಿ ಮೂಟೆ ಇಡೋ ನಮ್ಮ ಸ್ಟೋರ್ ಹಿಂದಿನ ಕೆಸರು ದಿಬ್ಬ ಯಾವ ಗಾಡಿ ಹತ್ತುತ್ತೋ ಅದೇ ಗೆದ್ದಂಗೆ. ಮಾವ ಗೆದ್ರೆ ಅಪ್ಪ ಕಾರು ತರ್ಬೇಕು, ಸೋತ್ರೆ ಅಮ್ಮ ಕಾರಿನ ಮಾತೆತ್ತಂಗಿಲ್ಲ. ಅಮ್ಮ ಒಪ್ಪಿದ್ರು, ಆದ್ರೆ ಮುಖ ಸಣ್ಣಗಾಗಿತ್ತು.

ಜೋರು ಮಳೆ. ಮಾವನ ಕಾರು ಮುಂದೆ. ಅರ್ಧ ದಿಬ್ಬದಲ್ಲಿ ನೆಂದ ಕಾಫಿ ರೆಂಬೆಯೊಂದು ದಾರಿಗೆ ಬಾಗಿತ್ತು. ಕಾರು ಕುಂಯ್ ಕುಂಯ್ ಅಂತ ತಾನೇ ಬ್ರೇಕ್ ಹಾಕ್ಕೊಂಡು ನಿಂತ್ಬುಡ್ತು. ಮತ್ತೆ ಹೊರಟ್ರೆ ಕೆಸರಲ್ಲಿ ಚಕ್ರ ಸುಮ್ನೆ ತಿರುಗ್ತು.

“ಇದು ಸೇಫ್ಟಿ ಭಾವ!”

“ಕಾಫಿ ಗಿಡಕ್ಕೆ ಹೆದ್ರೋ ಕಾರು ಇಟ್ಕಂಡು ಇಲ್ಲೇನ್ ಮಾಡ್ತೀಯೋ ಮಾರಾಯ!” ಅಪ್ಪ ಜೀಪು ಏರಿಸ್ಕೊಂಡು ಬಂದ್ರು, ಪಕ್ಕದಲ್ಲಿ ಕೊಡೆ ಹಿಡಿದ ಅಮ್ಮ. ನಗೋದ್ರಲ್ಲಿ ಗೇರು ತಪ್ತು. ಜೀಪು ಕಾರಿನ ಬೆನ್ನಿಗೇ ಬಂದು ಆಫಾಯ್ತು. ಎಷ್ಟು ಕೀ ತಿರುಗಿಸಿದ್ರೂ ಸ್ಟಾರ್ಟಾಗ್ಲಿಲ್ಲ.

ಮಾವ, ಅಪ್ಪ ಇಬ್ರೂ ಇಳಿದು ಮಳೇಲಿ ನಿಂತು ತಪ್ಪು ಯಾವ ಗಾಡಿ ಇಂಜಿನಿಯರದ್ದು ಅಂತ ಶುರು ಮಾಡಿದ್ರು. ಅಮ್ಮ ಕೊಡೆ ಮಡಚಿ, ಹೋಗಿ ಮಾವನ ಕಾರಲ್ಲಿ ಕೂತು ಬಾಗ್ಲು ಹಾಕ್ಕೊಂಡ್ರು. ಗಾಜು ಒಂಚೂರು ಇಳಿಸಿದ್ರು.

“ಎರಡೂ ಹತ್ತಲಿಲ್ಲ ತಾನೆ? ನಿಂತಿರೋಕೆ ಇದೇ ಚೆನ್ನಾಗೈತೆ.”

ಗಾಜು ಮೇಲಕ್ಕೆ ಹೋಯ್ತು. ಅಪ್ಪ ನೀರು ಸುರಿಸ್ಕೊಂಡು ಕಾರಿನ ಹತ್ರ ಬಂದ್ರು. ಆಮೇಲೆ ಮೆತ್ತಗೆ ಗಾಜು ತಟ್ಟಿದ್ರು.

“ಯಾವ ಬಣ್ಣದ ಕಾರು ತರ್ಲೇ?”