ಸಾಗವಾನಿ ಹಲಗೆಯಲ್ಲಿ ಅತ್ತೆ

ಮದುವೆಯಾಗಿ ಹದಿನಾರು ವರ್ಷಗಳಾಗಿದ್ದವು. ಅಷ್ಟರಲ್ಲಿ ಅತ್ತೆ ಮಾಳಮ್ಮ ಶಂಕರಲಿಂಗನನ್ನು ಹೊಗಳಿದ್ದು ಒಂದೇ ಸಲ. ಅದೂ ಒಂದು ಯುಗಾದಿಯ ಮರುದಿನ ನಿಂಬರ್ಗಾದಲ್ಲಿ, ಉಳಿದ ಹೋಳಿಗೆಗಳನ್ನೆಲ್ಲ ಅವನೊಬ್ಬನೇ ಕೂತು ಮುಗಿಸಿದಾಗ. "ಹಿರಿ ಅಳಿಯ ಇದ್ರ ಮನ್ಯಾಗ ಏನೂ ಹಳಸಂಗಿಲ್ಲ," ಎಂದಿದ್ದಳು. ಇದು ಹೊಗಳಿಕೆಯೋ ಅಲ್ಲವೋ ಎಂಬ ಬಗ್ಗೆ ಅವನಿಗೂ ಅವನ ಹೆಂಡತಿ ಮಹಾನಂದಾಳಿಗೂ ಇನ್ನೂ ಒಮ್ಮತ ಮೂಡಿರಲಿಲ್ಲ.

ಕಿರಿಯ ಅಳಿಯ ವ್ಯಂಕಟೇಶನ ಮಾತು ಬೇರೆ. ಅವನು ಜೇವರ್ಗಿಯಲ್ಲಿ ಎಂಜಿನಿಯರು. ಅವನು ಸೀನಿದರೂ ಮಾಳಮ್ಮನಿಗೆ ಅದರಲ್ಲಿ ವಿದ್ಯೆ ಕೇಳಿಸುತ್ತಿತ್ತು. ಶಂಕರಲಿಂಗನದು ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕೆತ್ತನೆ ಬಾಗಿಲುಗಳ ಅಂಗಡಿ. ಅಂಗಡಿಯ ನಡುವೆ ನಾಲ್ಕು ಜನ ಮಲಗುವಷ್ಟು ಅಗಲದ ಸಿಎನ್‌ಸಿ ಯಂತ್ರ. ಕಂಪ್ಯೂಟರಿಗೆ ಚಿತ್ರ ಕೊಟ್ಟು ಗುಂಡಿ ಒತ್ತಿದರಾಯಿತು, ಗಿರಗಿರ ತಿರುಗುವ ಮೊನೆಯೊಂದು ಅತ್ತಿಂದಿತ್ತ ಓಡಾಡಿ ನವಿಲು ಬೇಕೆಂದರೆ ನವಿಲು, ಗಣಪತಿ ಬೇಕೆಂದರೆ ಗಣಪತಿಯನ್ನು ಕಟ್ಟಿಗೆಯಲ್ಲಿ ಎಬ್ಬಿಸಿ ಕೊಡುತ್ತದೆ. ಇಂಥ ಮಹಾಯಂತ್ರದ ಒಡೆಯನಾದರೂ ಮಾಳಮ್ಮನ ಬಾಯಲ್ಲಿ ಅವನು 'ಕಟ್ಟಿಗಿ ಕೊರಿಯೋ ಅಳಿಯ' ಅಷ್ಟೇ.

ಅದನ್ನೂ ಅವಳು ಅವನ ಎದುರಿಗೆ ಅಂದವಳಲ್ಲ. ಮಾಳಮ್ಮ ಹಳೆಯ ಕಾಲದವಳು. ಅಳಿಯನ ಮುಂದೆ ಸೆರಗು ಮೂಗಿನವರೆಗೆ ಇಳಿಯಬೇಕು, ಮಾತು ಅಡಿಗೆ ಮನೆಯ ಬಾಗಿಲ ಮರೆಯಿಂದಲೇ ಬರಬೇಕು. ಅಳಿಯ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರೂ, "ಮಹಾನಂದಾ, ನಿನ್ನ ಗಂಡ ಚಾ ಕುಡಿತಾನೇನು ಕೇಳು," ಎನ್ನುತ್ತಿದ್ದಳು. ಶಂಕರಲಿಂಗನೂ ನೆಲ ನೋಡಿಕೊಂಡು, "ಕುಡಿತೇನಿ ಅಂತ ಹೇಳು," ಎನ್ನುತ್ತಿದ್ದ. ಹದಿನಾರು ವರ್ಷಗಳಲ್ಲಿ ಅವನು ಅತ್ತೆಯ ದನಿ ಬಲ್ಲ, ಬಳೆಯ ಸಪ್ಪಳ ಬಲ್ಲ, ಕಾಲುಂಗುರವನ್ನಂತೂ ಸಾವಿರ ಕಾಲುಂಗುರಗಳ ನಡುವೆ ಗುರುತಿಸಬಲ್ಲ. ಮುಖದ ಬಗ್ಗೆ ಮಾತ್ರ ಅವನ ಜ್ಞಾನ ಸ್ವಲ್ಪ ಮಸುಕು.

ಹೀಗಿರುವಾಗ ನಿಂಬರ್ಗಾದಲ್ಲಿ ಮಾವ ದೇವೀಂದ್ರಪ್ಪ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ.

"ವ್ಯಂಕಟೇಶವ್ರು ವಾಷಿಂಗ್ ಮಷೀನ್ ತರಾಕತ್ತಾರಂತ," ಎಂದಳು ಮಹಾನಂದಾ, ರೊಟ್ಟಿ ಬಡಿಯುತ್ತ. "ನಾವೇನ್ ಒಯ್ಯೋದು?"

"ಬಾಗಲಾ ಕೊಟ್ಟೇನಲ್ಲ!"

"ಅದಕ್ಕ ಅವ್ವ ಏನಂದ್ಳು ಗೊತ್ತದ ಇಲ್ಲ? ಬಾಗಲಾ ಛಲೋ ಅದ, ಆದ್ರ ಭಾಳ ಕರಕರ ಅಂತದ ಅಂದ್ಳು."

ಶಂಕರಲಿಂಗನ ಸ್ವಾಭಿಮಾನಕ್ಕೆ ಸಿಬಿರು ಚುಚ್ಚಿದಂತಾಯಿತು. ಆ ಕ್ಷಣದಲ್ಲೇ ಅವನಿಗೆ ಉಪಾಯ ಹೊಳೆಯಿತು. (ಅವನಿಗೆ ಉಪಾಯ ಹೊಳೆದಾಗಲೆಲ್ಲ ಮಹಾನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಾಳೆ. ಅನುಭವ.)

"ಅತ್ತಿ ಮಾವನ ಫೋಟೋ ಸಾಗವಾನಿ ಮ್ಯಾಲ ಕೆತ್ತತೇನಿ. ಮೂಗು ಮೂಗಿನಂಗ, ಮೀಸಿ ಮೀಸಿಯಂಗ ಎದ್ದು ಕಾಣಬೇಕು. ವಾಷಿಂಗ್ ಮಷೀನ್ ಎಲ್ಲಾರ ಮನ್ಯಾಗೂ ಇರ್ತದ. ಹಿಂತಾದ್ದು ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕದಾಗ ಇರಂಗಿಲ್ಲ."

"ನಿಮ್ಮ ಕೈಲೆ ಆಗ್ತದೇನ್ರಿ?"

"ನನ್ನ ಕೈಲೆ ಅಲ್ಲ, ಮಷೀನ್‌ಲೆ."

"ಹಂಗಾರ ಆಗ್ತದ ಬಿಡ್ರಿ," ಎಂದು ಮಹಾನಂದಾ ಸಮಾಧಾನದಿಂದ ರೊಟ್ಟಿಗೆ ಮರಳಿದಳು.

ಮೊದಲ ಪ್ರಯೋಗಕ್ಕೆ ಶಂಕರಲಿಂಗ ತನ್ನದೇ ಫೋಟೋವನ್ನು ಬಲಿ ಕೊಟ್ಟ. ಯಂತ್ರದ ಧರ್ಮ ಬಹಳ ಸರಳ. ಬಿಳಿ ಕಂಡಲ್ಲಿ ಎತ್ತರ ಬಿಡುತ್ತದೆ, ಕಪ್ಪು ಕಂಡಲ್ಲಿ ತಗ್ಗು ತೋಡುತ್ತದೆ. ಅದಕ್ಕೆ ಮುಖವೂ ಒಂದೇ, ಹೊಲವೂ ಒಂದೇ. ಎರಡು ತಾಸಿನ ನಂತರ ನೋಡಿದರೆ, ಬಣ್ಣ ಹಚ್ಚಿ ಕಪ್ಪು ಮಾಡಿಕೊಂಡ ಅವನ ಮೀಸೆ ತುಟಿಯ ಮೇಲೊಂದು ಗಟಾರವಾಗಿತ್ತು. ಬೋಳಾಗತೊಡಗಿದ ನೆತ್ತಿ ಮಾತ್ರ ಬೆಳಕಿಗೆ ಮಿಂಚಿ, ಹಲಗೆಯಲ್ಲಿ ದೊಡ್ಡ ದಿಬ್ಬವಾಗಿ ಎದ್ದಿತ್ತು. ಮಹಾನಂದಾ ಬಂದು ನೋಡಿ, "ಬರೋಬ್ಬರಿ ಬಂದದ ನೋಡ್ರಿ," ಎಂದಳು.

ಆದರೆ ಪಾಠ ಕಲಿತಂತಾಯಿತು. ಕೆತ್ತುವ ಮುಂಚೆ ಫೋಟೋದಲ್ಲಿ ಕಪ್ಪಾದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಬೇಕು. ಯಾರದೋ ಲಗ್ನದಲ್ಲಿ ಅತ್ತೆ ಮಾವ ಕುರ್ಚಿಯ ಮೇಲೆ ಕೂತ ಫೋಟೋ ಮಹಾನಂದಾಳ ಫೋನಿನಲ್ಲಿತ್ತು. ಫೋಟೋದವನು ಗದರಿಸಿದ್ದಕ್ಕೆ ಮಾಳಮ್ಮ ಅಂದು ಸೆರಗು ಹಿಂದೆ ಸರಿಸಿದ್ದಳು. ಶಂಕರಲಿಂಗ ಮಾವನ ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡು, ಕಣ್ಣು, ಹುಬ್ಬು, ಕಿವಿಯ ಕೂದಲು ಒಂದನ್ನೂ ಬಿಡದೆ ತಿದ್ದಿದ. ಮೀಸೆಯಂತೂ ಮೊದಲೇ ಹಂಡಬಂಡ ಬಿಳಿ, ಅದನ್ನು ಇನ್ನಷ್ಟು ಬೆಳಗಿಸಿದ.

ಮಾವನದು ಮುಗಿದು ಅತ್ತೆಯ ಸರದಿ ಬಂತು. ಮೌಸಿನ ಮೇಲಿಟ್ಟ ಬೆರಳು ಅಲ್ಲೇ ನಿಂತಿತು.

ಅತ್ತೆಯ ಮುಖವನ್ನು ದೊಡ್ಡದು ಮಾಡಿ ನೋಡುವುದೇ? ಅಳಿಯನಾಗಿ? ಕೂಡಲೇ ಅವನ ಕಣ್ಣುಗಳು ತಾವಾಗಿ ನೆಲಕ್ಕೆ ಇಳಿದವು. ಮಹಾನಂದಾಳನ್ನು ಕರೆದು ತೋರಿಸಬಹುದಿತ್ತು. ಆದರೆ 'ನಿಮ್ಮವ್ವನ ಮುಖ ನೋಡಾಕ ನನಗ ನಾಚಿಕಿ' ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ದೂರದಿಂದಲೇ ಒಂದು ನೋಟ ಹಾಕಿದ. ಕೂದಲು ಬೆಳ್ಳಗಿದೆ, ಸೆರಗು ಹಳದಿ ಇದೆ, ಎಲ್ಲ ಸರಿಯಿದೆ ಎಂದು ಪರದೆಗೆ ಕೈಮುಗಿದು ಗುಂಡಿ ಒತ್ತಿಬಿಟ್ಟ.

ಯಂತ್ರ ಮುಂಜಾನೆಯಿಂದ ಸಂಜೆಯವರೆಗೆ ಓಡಿತು. ಮಾವನ ಮೀಸೆ ಏನು ಎದ್ದಿತ್ತು ಅಂತೀರಿ! ಅಂಗಡಿಗೆ ಬಂದವರೆಲ್ಲ ಅದನ್ನು ಸವರಿ ಹೋದರು. ಆ ಅರ್ಧಕ್ಕೆ ಶಂಕರಲಿಂಗ ತಿಕ್ಕಿ ತಿಕ್ಕಿ ಬ್ರಷ್ ಹಾಕಿ ಪುಡಿ ಉದುರಿಸಿದ. ಅತ್ತೆಯ ಅರ್ಧಕ್ಕೆ ಬ್ರಷ್ ಎತ್ತಲು ಧೈರ್ಯವಾಗಲಿಲ್ಲ. ಎರಡು ಮೊಳ ದೂರ ನಿಂತು, ಮರ್ಯಾದೆಯಿಂದ ಊದಿದ ಅಷ್ಟೇ. ಅಲ್ಲಿ ಕಟ್ಟಿಗೆಯ ನುಣ್ಣನೆ ಪುಡಿ ಒಂದು ಕಡೆ ಗಟ್ಟಿಯಾಗಿ ಕೂತಿದ್ದು ಅವನಿಗೆ ಕಾಣಲೇ ಇಲ್ಲ. ಹಲಗೆಯನ್ನು ಕೌದಿಯಲ್ಲಿ ಸುತ್ತಿ, ಟಂಟಂ ಆಟೋದಲ್ಲಿ ಮಲಗಿಸಿಕೊಂಡು ನಿಂಬರ್ಗಾಕ್ಕೆ ಹೊರಟರು. ದಾರಿಯುದ್ದಕ್ಕೂ ಟಂಟಂ ಕುಣಿದ ಕುಣಿತಕ್ಕೆ ಮಹಾನಂದಾಳ ಮುಡಿಯ ಮಲ್ಲಿಗೆಯೇ ಉದುರಿತು. ಆ ಪುಡಿ ಯಾವ ಲೆಕ್ಕ?

ಹೊಸ ಮನೆಯ ಪಡಸಾಲೆಯಲ್ಲಿ ವಾಷಿಂಗ್ ಮಷೀನ್ ಆಗಲೇ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಮದುಮಗನಂತೆ ನಿಂತಿತ್ತು. ಬೀಗರು, ನೆಂಟರು, ಓಣಿಯ ಹೆಂಗಸರು ಕಿಕ್ಕಿರಿದಿದ್ದರು. ಮಾಳಮ್ಮನ ಬಾಲ್ಯದ ಗೆಳತಿ, ಪಕ್ಕದ ಮನೆಯ ಖಾಸೀಂಬಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಶಂಕರಲಿಂಗ ಹಲಗೆಯನ್ನು ಗೋಡೆಗೆ ಆನಿಸಿ, ಗಂಟಲು ಸರಿಪಡಿಸಿಕೊಂಡು ಕೌದಿ ಎಳೆದ.

"ಅಬಾಬಾಬಾ! ಮೀಸಿ ನೋಡ್ರಿ ಮೀಸಿ!" ಎಂದು ಗಂಡಸರ ಕಡೆಯಿಂದ ಉದ್ಗಾರ ಎದ್ದಿತು. ದೇವೀಂದ್ರಪ್ಪ ತನ್ನ ನಿಜವಾದ ಮೀಸೆಯನ್ನು ಮುಟ್ಟಿ, ಕಟ್ಟಿಗೆಯ ಮೀಸೆಯನ್ನು ಮುಟ್ಟಿ, ಎರಡನೆಯದೇ ಮೇಲೆಂಬಂತೆ ತಲೆಯಾಡಿಸಿದ. ಶಂಕರಲಿಂಗನ ಎದೆ ಹಿಗ್ಗಿತು. ಆಮೇಲೆ ಎಲ್ಲರ ಕಣ್ಣು ಬಲಕ್ಕೆ ಹೊರಳಿದವು.

ಕಣ್ಣು, ಹುಬ್ಬು ತುಸು ತಗ್ಗಾಗಿದ್ದರೂ ಅತ್ತೆಯ ಮುಖ ಅಚ್ಚು ಹಾಕಿದಂತೆ ಬಂದಿತ್ತು. ಆದರೆ ಹಣೆಯ ನಡುವೆ, ಬಂದಾ ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಅರ್ಧ ಇಂಚು ಆಳದ ಒಂದು ಕುಣಿ ಬಾಯಿ ತೆರೆದಿತ್ತು.

"ಯಾ ಅಲ್ಲಾ!" ಖಾಸೀಂಬಿ ಬಾಯಿಗೆ ಸೆರಗು ಹಿಡಿದಳು. "ಮಾಳವ್ವಾ, ನಿನ್ನ ಕುಂಕುಮ ಎಲ್ಲಿ ಹೋತು ಬೇ?"

ಶಂಕರಲಿಂಗನಿಗೆ ಆಗ ಎಲ್ಲ ತಿಳಿಯಿತು. ಬಣ್ಣದ ಫೋಟೋವನ್ನು ಕಪ್ಪು ಬಿಳುಪು ಮಾಡಿದರೆ ಕೆಂಪು ಕಪ್ಪಾಗುತ್ತದೆ. ಕಪ್ಪು ಕಂಡರೆ ಯಂತ್ರ ತೋಡುತ್ತದೆ. ತೋಡಿದ್ದನ್ನು ಪುಡಿ ಮುಚ್ಚಿತ್ತು, ಆ ಪುಡಿಯನ್ನು ಟಂಟಂ ಕುಣಿದು ಉದುರಿಸಿತ್ತು. ಅತ್ತೆಯ ಹಣೆಯಲ್ಲಿ ಇಷ್ಟು ದೊಡ್ಡ ಕುಂಕುಮವಿದೆ ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವನು ಅವಳ ಹಿರಿಯ ಅಳಿಯನೊಬ್ಬನೇ.

ಹೊಗಳಿಕೆ ಹಾಗಿರಲಿ, ಇನ್ನು ಈ ಮನೆಯ ಹೊಸ್ತಿಲು ತುಳಿಯುವ ಆಸೆಯೂ ಉಳಿಯುವಂತಿರಲಿಲ್ಲ. ಹೊಸ ಮನೆಯ ಮೊದಲ ದಿನ, ಗಂಡ ಕಲ್ಲುಗುಂಡಿನಂತೆ ಪಕ್ಕದಲ್ಲೇ ಕೂತಿರುವಾಗ, ಮುತ್ತೈದೆಯ ಹಣೆಯಿಂದ ಕುಂಕುಮ ಕಿತ್ತು ತಂದ ಅಳಿಯ! ಮಾಳಮ್ಮನ ಕೈ ಸೆರಗಿನೊಳಗೇ ತನ್ನ ಹಣೆ ಮುಟ್ಟಿ ನೋಡಿಕೊಂಡಿತು. ಮಹಾನಂದಾ ನೋಡಿದ ನೋಟಕ್ಕೆ ಸಾಗವಾನಿ ಕೂಡ ಸುಟ್ಟು ಬೂದಿಯಾಗಬೇಕಿತ್ತು.

"ಟೆಕ್ನಿಕಲ್ ಮಿಸ್ಟೇಕ್ ಆಗ್ಯಾದ ಕಾಣ್ತದ, ಶಂಕರಣ್ಣಾ," ಎಂದ ವ್ಯಂಕಟೇಶ. ಅವನ ದನಿಯಲ್ಲಿ ಅನುಕಂಪ ಬಹಳ ಸಿಹಿಯಾಗಿತ್ತು.

ಆ ಸಿಹಿಯೇ ಶಂಕರಲಿಂಗನನ್ನು ಎಬ್ಬಿಸಿ ನಿಲ್ಲಿಸಿತು. ಅವನ ಕಣ್ಣು ಪೂಜೆಯ ತಾಟಿನಲ್ಲಿದ್ದ ಕುಂಕುಮದ ಭರಣಿಯ ಮೇಲೆ ಬಿತ್ತು. ಮುಂದೆ ಅವನ ಬಾಯಿಂದ ಬಂದದ್ದನ್ನು ಕೇಳಿ ಅವನಿಗೇ ಆಶ್ಚರ್ಯವಾಯಿತು.

"ಮಿಸ್ಟೇಕ್ ಅಲ್ಲೋ ತಮ್ಮಾ. ಬೇಕಂತಲೇ ಬಿಟ್ಟೇನಿ. ಮಷೀನು ಮೂಗು ಕೆತ್ತಲಿ, ಕಣ್ಣು ಕೆತ್ತಲಿ. ಮುತ್ತೈದಿ ಹಣಿಗೆ ಕುಂಕುಮ ಇಡೋ ಹಕ್ಕು ಮಷೀನಿಗಿಲ್ಲ. ಅದು ಕಟ್ಟಿಕೊಂಡ ಗಂಡಂದು." ಭರಣಿ ಎತ್ತಿ ಮಾವನ ಮುಂದೆ ಹಿಡಿದ. "ಮಾವನೋರ, ಬರ್ರಿ. ಅದಕ್ಕಂತಲೇ ಜಾಗಾ ಇಟ್ಟೇನಿ, ನೀವು ತುಂಬ್ರಿ."

ದೇವೀಂದ್ರಪ್ಪ ಮಾತಿನ ಮನುಷ್ಯನಲ್ಲ. ಎದ್ದ, ಕೈಯನ್ನು ಧೋತರಕ್ಕೆ ಒರೆಸಿಕೊಂಡ, ಒಂದು ಚಿಟಿಕೆ ಕುಂಕುಮ ಹಾಕಿದ. ಕುಣಿಯ ತಳವೂ ಮುಚ್ಚಲಿಲ್ಲ. ಇನ್ನೊಂದು ಚಿಟಿಕೆ, ಮತ್ತೊಂದು, ಆಮೇಲೆ ಹಿಡಿ. ಭರಣಿ ಮುಕ್ಕಾಲು ಖಾಲಿಯಾದಾಗ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಹಿಂದೆ ಸರಿದು ನೋಡಿದ. ಕಟ್ಟಿಗೆಯ ಮಾಳಮ್ಮ ಝಗ್ಗನೆ ಜೀವ ತಳೆದಂತೆ ಕಂಡಳು.

"ಲಗ್ನದಾಗ ಕೈ ನಡಗಾಕತ್ತಿತ್ತು," ಎಂದ ಮುದುಕ, ಯಾರ ಮುಖವನ್ನೂ ನೋಡದೆ. "ಮೂಗಿಗೆ ಹಚ್ಚಿದ್ದೆ. ಇವತ್ತು ಬರೋಬ್ಬರಿ ಹಚ್ಚೇನಿ."

ಪಡಸಾಲೆ ನಗೆಯಿಂದ ಒಡೆದುಹೋಯಿತು. "ಹಾಯ್! ಈಗ ಪೂರಾ ಲಗ್ನಾತು ನೋಡು ಮಾಳವ್ವಾ!" ಎಂದು ಖಾಸೀಂಬಿ ಗೆಳತಿಯ ಬೆನ್ನಿಗೊಂದು ಕೊಟ್ಟಳು. ಆ ಏಟಿಗೋ ನಗುವಿಗೋ ಮಾಳಮ್ಮನ ಸೆರಗು ಭುಜಕ್ಕೆ ಜಾರಿತು. ಅವಳದನ್ನು ಎತ್ತಿಕೊಳ್ಳಲಿಲ್ಲ. ಕಣ್ಣು ಒರೆಸಿಕೊಂಡು, ಬಾಗಿಲ ಮರೆಯನ್ನೂ ಮಗಳ ಮಧ್ಯಸ್ಥಿಕೆಯನ್ನೂ ಮರೆತು, ನೇರ ಅಳಿಯನ ಮುಖ ನೋಡಿ ಹೇಳಿದಳು:

"ಭೇಷ್ ಮಾಡಿದಿ ನನ್ನಪ್ಪಾ. ನನ್ನ ಹೊಟ್ಟಿ ತಣ್ಣಗಾತು."

ಹದಿನಾರು ವರ್ಷಗಳ ಬಾಕಿ ಒಮ್ಮೆಲೇ ಚುಕ್ತಾ ಆಯಿತು. ಶಂಕರಲಿಂಗನಿಗೆ ಅಳು ಬಂದೇಬಿಟ್ಟಿತು, ಅದನ್ನವನು ಮುಚ್ಚಿಡಲೂ ಇಲ್ಲ. ಊಟಕ್ಕೆ ಅವನನ್ನು ಮೊದಲ ಮಣೆಯ ಮೇಲೆ ಕೂಡಿಸಿದರು. ವ್ಯಂಕಟೇಶ ಎರಡನೆಯ ಪಂಕ್ತಿಯಲ್ಲಿ ಕೂತ. ವಾಷಿಂಗ್ ಮಷೀನಿನ ಮೇಲೆ ಯಾರೋ ಎಂಜಲು ಲೋಟ ಇಟ್ಟಿದ್ದರು.

ಸುದ್ದಿ ಹಬ್ಬಲು ವಾರವೂ ಬೇಕಾಗಲಿಲ್ಲ. ಸರಸಂಬಾದ ಹೆಂಗಸರು ಬಂದರು, ಅಫಜಲಪುರದಿಂದ ಬಂದರು, ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆ ಹೋದವರು ಸುತ್ತು ಹಾಕಿ ಆಳಂದಕ್ಕೂ ಬಂದರು. ಎಲ್ಲರಿಗೂ 'ಗಂಡ ಕುಂಕುಮ ತುಂಬೋ ಫೋಟೋ' ಬೇಕು. ಒಬ್ಬರ ಮುಖವನ್ನೂ ಬಿಡದೆ ಶಂಕರಲಿಂಗ ಈಗ ದೊಡ್ಡದು ಮಾಡಿ ನೋಡುತ್ತಿದ್ದ. ಕುಂಕುಮ ಸಣ್ಣದಿದ್ದರೆ ತಾನೇ ಒಂದಿಷ್ಟು ಅಗಲ ಮಾಡುತ್ತಿದ್ದ. ಮಹಾನಂದಾಳ ತಂಗಿ ಪ್ರಮಿಲಾ ಕೂಡ ತರಿಸಿಕೊಂಡಳು. ಜೇವರ್ಗಿಯ ಎಂಜಿನಿಯರ್ ಸಾಹೇಬರು ದಿನಾ ಕುಂಕುಮ ತುಂಬಿಯೇ ಆಫೀಸಿಗೆ ಹೋಗಬೇಕು, ಕೈ ಕೆಂಪಾದದ್ದಕ್ಕೆ ಸಹೋದ್ಯೋಗಿಗಳು ನಗುತ್ತಾರೆ ಎಂಬ ವರ್ತಮಾನ ಬಂದ ದಿನ ಶಂಕರಲಿಂಗ ಸಂಜೆಯವರೆಗೆ ಬಜಾರಿನ ತುಂಬ ಪೇಢೆ ಹಂಚಿದ.

ಆ ಸಂಜೆ ಮನೆಗೆ ಬಂದರೆ ಗೋಡೆಯ ಮೇಲೆ ಸಾಗವಾನಿಯ ಮಹಾನಂದಾ ನಗುತ್ತಿದ್ದಳು. ಅವನು ಪೇಢೆ ಹಂಚಲು ಬಜಾರಿಗೆ ಹೋದಾಗ ಇವಳೇ ಯಂತ್ರದ ಮುಂದೆ ಕೂತು ಶುರು ಮಾಡಿದ್ದಳಂತೆ. ತಿಂಗಳಿಂದ ಹಿಂದೆ ನಿಂತು ನೋಡಿ ಕಲಿತಿದ್ದಳು. ಹಣೆಯಲ್ಲಿ ತಟ್ಟೆಯಷ್ಟು ಅಲ್ಲದಿದ್ದರೂ ಬಟ್ಟಲಿನಷ್ಟು ಕುಣಿ.

"ಇದೇನಿದು ಬಾವಿ?" ಎಂದ.

"ಒಂದು ಇಂಚು ಇಟ್ಟೇನಿ. ಅವ್ವಂದಕ್ಕಿಂತ ಅರ್ಧ ಇಂಚು ಜಾಸ್ತಿ. ದಿನಾ ಮುಂಜಾನಿ ಜಳಕಾ ಮಾಡಿ ತುಂಬ್ರಿ, ಆಮ್ಯಾಲ ಚಾ."

"ದಿನಾ ಯಾಕ? ಒಮ್ಮೆ ತುಂಬಿದ್ರ ಇರ್ತದಲ್ಲ?"

"ಸಂಜಿಕ ನಾ ತಗದು ಭರಣಿಗೆ ಹಾಕತೇನಿ. ಮುಂಜಾನಿ ಮತ್ತ ಖಾಲಿ."

"ಏ, ಹುಚ್ಚಿ ಏನು! ಅದೇನು ಶಾಸ್ತ್ರದಾಗ ಬರದದೇನು? ಅವತ್ತು ಅದು..." ಎಂದವನು ನಾಲಿಗೆ ಕಚ್ಚಿಕೊಂಡ.

ಮಹಾನಂದಾ ಫೋನ್ ಎತ್ತಿ ಅವನ ಮುಂದೆ ಹಿಡಿದಳು. ಪರದೆಯ ಮೇಲೆ ನಿಂಬರ್ಗಾದ ನಂಬರು ಇತ್ತು. "ಅವತ್ತು ಅದು ಏನು? ಹೇಳ್ರಲ್ಲ. ಬೇಕಂತಲೇ ಬಿಟ್ಟಿದ್ದಲ್ಲ, ತಪ್ಪಾಗಿತ್ತು ಅಂತ ಅವ್ವಗ ಒಂದು ಮಾತು ಹೇಳಿಬಿಡ್ರಿ. ಇವತ್ತೇ ಈ ಕುಣಿ ಮುಚ್ಚಿಸಿಬಿಡ್ತೇನಿ."

ಶಂಕರಲಿಂಗ ಫೋನನ್ನು ನೋಡಿದ, ಕುಣಿಯನ್ನು ನೋಡಿದ, 'ಭೇಷ್' ಎಂಬ ಆ ಒಂದು ಮಾತನ್ನು ಮನಸ್ಸಿನಲ್ಲಿ ತೂಗಿ ನೋಡಿದ. ಅಷ್ಟು ಕಷ್ಟಪಟ್ಟು ದಕ್ಕಿದ್ದನ್ನು ಹಿಂದಿರುಗಿಸುವ ಮಾತೇ ಇಲ್ಲ.

ಮರುದಿನ ಬೆಳಿಗ್ಗೆ ಅವನು ಒದ್ದೆ ತಲೆಯಲ್ಲೇ ಸ್ಟೂಲು ಹತ್ತಿ, ಚಮಚದಿಂದ ಕುಂಕುಮ ಸುರಿಯುತ್ತಿದ್ದ. ಕೆಳಗೆ ನಿಂತ ಮಹಾನಂದಾ ಕುತ್ತಿಗೆ ಓರೆ ಮಾಡಿ ನೋಡಿ, ಬಿಸಿ ಚಹಾದ ಕಪ್ಪನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದಳು.

"ಎಡಕ್ಕ ಸ್ವಲ್ಪ ಕಡಿಮಿ ಆಗ್ಯಾದ ನೋಡ್ರಿ."